ಸಂಪರ್ಕ ಮುಗಿಯಿತು

ಸುರಂಗದೂರಿನ ಬಾಗಿಲುಗಳು ಮಣಿಕಟ್ಟಿನ ವೈರ್‌ಲೆಸ್ ಚಿಪ್ ಗುರುತಿಸಿಯೇ ತೆರೆಯುತ್ತಿದ್ದವು. ಹೊಸ ಬಗೆಯ ಚಿಪ್ ಹಾಕಿಸಿಕೊಂಡ ಶರಭಪ್ಪ, ತೆರೆದೇ ಇದ್ದ ಬಾಗಿಲಿನಿಂದ ಪಂಪಿನ ಕೋಣೆ ಹೊಕ್ಕವನು, ಮೂರು ದಿನದಿಂದ ಅಲ್ಲೇ ಸಿಕ್ಕಿಬಿದ್ದಿದ್ದ. ಹೊರಗೆ ಕುಳಿತು ಕೋಡ್ ಓದುತ್ತಿದ್ದ ಹೆಂಡತಿ ಗಿರಿಜವ್ವನಿಗೆ ಕೊನೆಗೂ ತಪ್ಪು ಸಿಕ್ಕಿತು. ಚಿಪ್ ಜೋಡಣೆಯಾದೊಡನೆ ಬಾಗಿಲಿಗೆ ಸುದ್ದಿ ಮುಟ್ಟಿಸುವ ಕಾಲ್‌ಬ್ಯಾಕ್ ಎಂಬ ಕೋಡಿನ ತುಂಡಿಗೆ ಯಾರೋ ‘ಸಂಪರ್ಕ ಮುಗಿಯಿತು’ ಎಂದು ಹೆಸರಿಟ್ಟಿದ್ದರು. ಜೋಡಿಸುವ ಕೆಲಸ ಮುಗಿಯಿತೆಂದು ಅದರ ಅರ್ಥ. ಬಾಗಿಲಿನ ಕೋಡ್ ಬರೆದವರು ಸಂಪರ್ಕವೇ ಕಡಿಯಿತೆಂದು ತಿಳಿದು ಅಲ್ಲಿ ಬೀಗ ಹಾಕಿಸಿದ್ದರು.

ಅವಳು ‘ಸಂಪರ್ಕ ಕೂಡಿತು’ ಎಂದು ಹೆಸರು ಬದಲಿಸಿ, ಬೀಗದ ಸಾಲು ಅಳಿಸಿ, ತೆರೆಯುವ ಸಾಲು ಬರೆದಳು. ಬಾಗಿಲು ಸರಿಯಿತು.

“ಬರ್ರಿ ಹೊರಗ,” ಎಂದಳು.

ಶರಭಪ್ಪ ಕದಲಲಿಲ್ಲ. “ದಾಟೂವಾಗ ಮತ್ತ ಮುಚ್ಚಿದ್ರ?”

ಗಿರಿಜವ್ವ ಲ್ಯಾಪ್‌ಟಾಪನ್ನು ಹೊರಗೇ ಬಿಟ್ಟು, ಒಳಗೆ ಹೋಗಿ ಅವನ ಕೈ ಹಿಡಿದಳು. “ಮುಚ್ಚಿದ್ರ ಇಬ್ರೂ ಇಲ್ಲೇ ಇರೂಣು.”

ಆಗ ಅವನು ಕಾಲೆತ್ತಿ ಹೊರಗಿಟ್ಟ.