ಗುಟ್ಟಿಗೊಂದು ಭಾಷೆ

ಜಗನ್ನಾಥನಿಗೂ ವೇದವತಿಗೂ ಗುಟ್ಟು ಮಾತಾಡಲು ಒಂದು ಭಾಷೆ ಇರಲಿಲ್ಲ.

ಕನ್ನಡ ಇಡೀ ಮನೆಗೇ ಗೊತ್ತು. ಇಂಗ್ಲಿಷ್ ಮಗಳು ರಮಾಳ ಸ್ವತ್ತು. ಹಿಂದಿಗೆ ಹೋಗೋಣವೆಂದರೆ ವಿಸಿಆರ್‌ನಲ್ಲಿ ಸಿನಿಮಾ ನೋಡಿ ನೋಡಿ ಅಜ್ಜಿ ಮೊಮ್ಮಗಳಿಬ್ಬರೂ ಅದರಲ್ಲಿ ಪಳಗಿದ್ದರು. ಅಜ್ಜಿ ನೀಲಾಬಾಯಿ ಧಾರವಾಡದವರು, ಮರಾಠಿ ನೀರು ಕುಡಿದಷ್ಟು ಸಲೀಸು. ಶಾಲೆಯಲ್ಲಿ ರಮಾ ಸ್ಪ್ಯಾನಿಷ್ ಬೇರೆ ಶುರುಮಾಡಿದ್ದಳು. ಯೂನಿಯನ್ ಸಿಟಿಯ ಆ ಮೂರನೇ ಮಹಡಿಯ ಅಪಾರ್ಟ್‌ಮೆಂಟಿಗೆ ಎರಡೇ ಬೆಡ್‌ರೂಮು, ಗೋಡೆಗಳು ರಟ್ಟಿನಷ್ಟು ತೆಳು. ಗಂಡ ಹೆಂಡತಿ ಜಗಳ ಆಡಬೇಕೆಂದರೆ ಕಾರು ಹತ್ತಿ ಫ್ರೀವೇಗೆ ಹೋಗಬೇಕಿತ್ತು.

ಜಗನ್ನಾಥನ ಮಿಲ್ಪಿಟಾಸ್ ಆಫೀಸಿನಲ್ಲಿ ಡೆನ್ಮಾರ್ಕಿನವನೊಬ್ಬನಿದ್ದ. ತಮ್ಮ ಸಂಘದ ಹಾಲ್‌ನಲ್ಲಿ ಗುರುವಾರ ಸಂಜೆ ಹೊರಗಿನವರಿಗೆ ಡೇನಿಷ್ ಕಲಿಸುತ್ತಾರೆ, ಈ ಊರಲ್ಲಿ ಅದು ಯಾರಿಗೂ ಬಾರದ ಭಾಷೆ ಎಂದು ನಗುತ್ತ ಹೇಳಿದ. ಜಗನ್ನಾಥ ನಗಲಿಲ್ಲ. ಅವತ್ತೇ ಇಬ್ಬರ ಹೆಸರೂ ಕೊಟ್ಟು ಬಂದ.

"ಎಲ್ಲಾ ಬಿಟ್ಟು ಡೇನಿಷ್ಶಾ?" ಎಂದಳು ವೇದವತಿ. "ಫ್ರೆಂಚಾದ್ರೂ ಕಲೀಬಾರ್ದಿತ್ತೇನ್ರೀ?"

"ಫ್ರೆಂಚ್ ಶಾಲ್ಯಾಗ ಕಲಸ್ತಾರ. ನಾಳೆ ರಮಾ ಅದನ್ನೂ ಕಲೀತಾಳ."

ಆಫೀಸಿನ ಕೆಲಸಕ್ಕೆ ಬೇಕು ಎಂದು ತಾಯಿಗೆ ಸುಳ್ಳು ಹೇಳಿದ್ದಾಯಿತು. ಆದರೆ ಹೊತ್ತು ಮುಳುಗಿದ ಮೇಲೆ ಅಜ್ಜಿಯನ್ನೂ ಮಗುವನ್ನೂ ಬಿಟ್ಟು ಗಂಡ ಹೆಂಡತಿ ಇಬ್ಬರೇ ಹೊರಗೆ ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹೋದರೆ ಎಲ್ಲರೂ. ದಂಪತಿ ಕ್ಲಾಸಿನಲ್ಲಿ ಕೂತು, ಬಾಯಲ್ಲಿ ಬಿಸಿ ಬೋಂಡ ಇಟ್ಟುಕೊಂಡವರಂತೆ ಉಚ್ಚಾರ ಅಭ್ಯಾಸ ಮಾಡುವಾಗ, ಅಜ್ಜಿ ಮೊಮ್ಮಗಳು ಹಾಲ್‌ನ ಹಿಂದಿನ ಅಡುಗೆಮನೆಯಲ್ಲಿ ಕಾಯುತ್ತಿದ್ದರು. ಅಲ್ಲಿ ನಾಲ್ಕಾರು ಡೇನಿಷ್ ಮುದುಕಿಯರು ಕಾಫಿ ಕಾಸುತ್ತ, ಬಿಸ್ಕತ್ತು ಬೇಯಿಸುತ್ತ ಬಾಯಿಗೆ ಬಿಡುವಿಲ್ಲದಂತೆ ಹರಟುತ್ತಿದ್ದರು.

"ಪಾಪ, ಅವ್ವಗ ಬ್ಯಾಸರಾಗ್ತದ," ಎಂದು ಜಗನ್ನಾಥ ಮರುಗುತ್ತಿದ್ದ.

ನೀಲಾಬಾಯಿಗೆ ಬೇಸರವಾದಂತೆ ಕಾಣಲಿಲ್ಲ. ಡಬ್ಬಿ ತುಂಬ ಚಕ್ಕುಲಿ ಒಯ್ಯುತ್ತಿದ್ದರು, ಬರುವಾಗ ಅದರ ತುಂಬ ಬಿಸ್ಕತ್ತು. ಮುದುಕಿಯರು ಅವರ ಕೈಗೆ ಉಣ್ಣೆ, ಕಡ್ಡಿಗಳನ್ನೂ ಕೊಟ್ಟಿದ್ದರು. ಕೈಸನ್ನೆಯಲ್ಲೇ ಎಂಥ ಸ್ನೇಹ ಎಂದು ವೇದವತಿ ಬೆರಗಾದಳು.

ಕೆಲವು ತಿಂಗಳಾದ ಮೇಲೆ ಒಂದು ಪರೀಕ್ಷೆ ನಡೆಯಿತು. ನೀಲಾಬಾಯಿ ಸೊಪ್ಪು ಸೋಸುತ್ತ ಕೂತಿದ್ದರು. ಜಗನ್ನಾಥ ಅವರ ಬೆನ್ನ ಹಿಂದೆ ನಿಂತು ಡೇನಿಷ್‌ನಲ್ಲಿ ಹೇಳಿದ: "ಬಾಗಿಲ ಹತ್ತಿರ ಹಾವಿದೆ."

ನೀಲಾಬಾಯಿ ತಿರುಗಿ ನೋಡಲಿಲ್ಲ. ಸೊಪ್ಪು ಸೋಸುತ್ತಲೇ ಇದ್ದರು.

ಅಲ್ಲಿಂದ ದಂಪತಿಗೆ ಸ್ವಾತಂತ್ರ್ಯ ಬಂತು. ಊಟದ ಮೇಜಿನಲ್ಲೇ, ಮುಖದಲ್ಲಿ ನಗುವಿಟ್ಟುಕೊಂಡು, ಮನಸ್ಸಿನಲ್ಲಿದ್ದುದನ್ನೆಲ್ಲ ಡೇನಿಷ್‌ನಲ್ಲಿ ಆಡಿದರು. ಅತ್ತೆ ಮಾಡಿದ ಸಾರಿಗೆ ಉಪ್ಪು ಜಾಸ್ತಿ ಎಂದು ವೇದವತಿ ಒಂದು ದಿನ ದೂರಿದಳು. ಮರುದಿನ ಸಾರು ಹದವಾಗಿತ್ತು. ದೇವರೇ ಕೇಳಿಸಿಕೊಂಡನೆಂದು ಅವಳು ಸುಮ್ಮನಾದಳು.

ಏಪ್ರಿಲ್‌ನಲ್ಲಿ ವೇದವತಿಗೆ ಎರಡು ತಿಂಗಳಾಯಿತು. ಮೂರು ತುಂಬುವ ತನಕ ಯಾರಿಗೂ ಹೇಳಬಾರದೆಂದು ಅವಳ ತವರಿನ ಕಟ್ಟು. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ರಮಾ ಹುಟ್ಟಿದಾಗ ಬಾಣಂತನ ಮಾಡಿದ್ದು ಅತ್ತೆ. ಈ ಸಲ ಮೈಸೂರಿನಿಂದ ತನ್ನ ಅಮ್ಮನೇ ಬರಬೇಕೆಂದು ವೇದವತಿ ಹಟ ಹಿಡಿದಿದ್ದಳು. ಇದ್ದ ಇನ್ನೊಂದು ರೂಮಿನಲ್ಲಿ ನೀಲಾಬಾಯಿ ಮೊಮ್ಮಗಳೊಂದಿಗೆ ಮಲಗುತ್ತಿದ್ದರು. ಅತ್ತೆ ಊರಿಗೆ ಹೊರಡದೆ ಅಮ್ಮನಿಗೆ ಜಾಗವಿಲ್ಲ. ಅದನ್ನು ಅವರಿಗೆ ಹೇಳುವವರು ಯಾರು?

"ನೀವೇ," ಎಂದಳು ವೇದವತಿ. ಪ್ರತಿ ಊಟಕ್ಕೂ ಡೇನಿಷ್‌ನಲ್ಲಿ ಅದನ್ನೇ ಹೇಳಿದಳು. ಎದುರಿಗೆ ನೀಲಾಬಾಯಿ ಕೆಂಪು ಉಣ್ಣೆಯಲ್ಲಿ ಏನನ್ನೋ ಹೆಣೆಯುತ್ತಿದ್ದರು. ರಮಾ ತಟ್ಟೆಯೊಳಗೆ ಮುಖ ಹಾಕಿ ಕಿಸಕ್ಕನೆ ನಗುತ್ತಿದ್ದಳು. ಆ ವಯಸ್ಸೇ ಹಾಗೆ.

ಒಂದು ಭಾನುವಾರ ಮಧ್ಯಾಹ್ನ ವೇದವತಿಯ ತಾಳ್ಮೆ ಮುಗಿಯಿತು.

"ಇವತ್ತು ಹೇಳಲೇಬೇಕು," ಎಂದಳು ಡೇನಿಷ್‌ನಲ್ಲಿ, ಅತ್ತೆಯತ್ತ ತಿರುಗಿ ಮುಗುಳ್ನಗುತ್ತ. "ಜೂನ್‌ನಲ್ಲಿ ಅವರು ಹೊರಟರೆ ರೂಮು ಖಾಲಿಯಾಗುತ್ತೆ."

"ಹೇಳುತ್ತೇನೆ," ಎಂದ ಜಗನ್ನಾಥ, ಅವನೂ ಡೇನಿಷ್‌ನಲ್ಲೇ. "ಆ ರೂಮಿಗೆ ಆಮೇಲೆ ಒಂದು..." ತೊಟ್ಟಿಲಿಗೆ ಏನೆನ್ನುತ್ತಾರೋ ಅವನಿಗೆ ಹೊಳೆಯಲಿಲ್ಲ. ಕೈಯಲ್ಲಿ ತೂಗಿ ತೋರಿಸಿದರೆ ತಾಯಿಗೆ ತಿಳಿದುಬಿಡುತ್ತದೆ. "ಒಂದು... ಒಂದು..."

"ವೊಗ್ಗೆ," ಎಂದರು ನೀಲಾಬಾಯಿ, ಅವನ ತಟ್ಟೆಗೆ ಭಕ್ರಿ ಹಾಕುತ್ತ.

ತೊಟ್ಟಿಲಿಗೆ ಡೇನಿಷ್‌ನಲ್ಲಿ ಅದೇ ಮಾತು. ಉಚ್ಚಾರದಲ್ಲಿ ಟೀಚರಿಗೂ ಕುಂದು ಸಿಗುತ್ತಿರಲಿಲ್ಲ.

ಜಗನ್ನಾಥ ಬಾಯಿ ತೆರೆದು ಕೂತ. ವೇದವತಿಯ ಮುಗುಳ್ನಗೆ ಮುಖದ ಮೇಲೆಯೇ ಸಿಕ್ಕಿಕೊಂಡಿತು.

"ಹಂಗ ಕೂಡಬ್ಯಾಡ್ರಿ, ಭಕ್ರಿ ಆರ್ತದ," ಎಂದರು ನೀಲಾಬಾಯಿ. "ಅಡಗೀಮನ್ಯಾಗಿನ ಅಜ್ಜಿಗೋಳಿಗೆ ಬ್ಯಾರೆ ಭಾಷಾನ ಬರೂದಿಲ್ಲ. ಚಕ್ಕಲಿ ಹ್ಯಾಂಗ ಮಾಡೂದು ಅಂತ ಹೇಳೂದರಾಗ ನನಗೂ ಬಂತು. ವೇದಾ, ನಿಮ್ಮ ಅವ್ವನ್ನ ಕರಸ್ಕೋ. ರೂಮು ಆಕೀಗೆ ಇರ್ಲಿ, ನನಗ ಸೋಫಾ ಸಾಕು. ಊರಿಗೆ ಮಾತ್ರ ನಾ ಹೋಗೂದಿಲ್ಲ. ಸಾರು ಆಕಿ ಮಾಡ್ಲಿ, ಕೂಸಿಗೆ ಎಣ್ಣಿ ನಾ ಹಚ್ತೀನಿ."

ಅವರು ಕೆಂಪು ಉಣ್ಣೆಯ ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟರು. ಒಂದು ಕಿತ್ತಳೆ ಹಣ್ಣಿನಷ್ಟಿತ್ತು.

ತನಗೆ ತಂಗಿಯೇ ಬೇಕು ಎಂದಳು ರಮಾ. ಅವಳು ಅದನ್ನು ಹೇಳಿದ್ದೂ ಡೇನಿಷ್‌ನಲ್ಲೇ.

"ಅವ್ವಾ," ಎಂದ ಜಗನ್ನಾಥ ಸೋತ ದನಿಯಲ್ಲಿ, "ಅವತ್ತ ಹಾವು ಅಂದಾಗ ನೀ ತಿರುಗೀನೂ ನೋಡ್ಲಿಲ್ಲಲ್ಲ?"

"ಮೂರನೇ ಮಜಲಿಗೆ ಹಾವು ಹ್ಯಾಂಗ ಬರ್ತದೋ, ಹುಚ್ಚಪ್ಪ?"

ಆ ಊಟದಲ್ಲಿ ದಂಪತಿ ಕಳೆದುಕೊಂಡದ್ದು ಇಷ್ಟು: ಒಂದು ಭಾಷೆ, ಒಂದು ಸೋಫಾ.