ಮೊದಲು ನಿನ್ನ ಹೆಸರು

ಕೆಲಸದಿಂದ ತೆಗೆದ ಪತ್ರವನ್ನು ಕಂಪನಿಯ ನಿರ್ದೇಶಕರು ತನುಜಾಳ ಮೇಜಿನ ಮೇಲೆ ಎಸೆದರು. ಎಂಟುನೂರು ನಿವೇಶನಗಳ ಹಕ್ಕುಪತ್ರ ಕಾಯುವ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದವಳು ಅವಳೇ. ಒಮ್ಮೆ ಜಾರಿಗೆ ಬಂದ ಮೇಲೆ ಅದರ ನಿಯಮಗಳನ್ನು ಯಾರೂ ತಿದ್ದುವಂತಿರಲಿಲ್ಲ. ಅದು ಅಧಿಕಾರಪಟ್ಟಿಯಲ್ಲಿ ಇದ್ದವರ ಮಾತನ್ನಷ್ಟೇ ಕೇಳುತ್ತಿತ್ತು. ಪಟ್ಟಿಯಲ್ಲಿ ಇದ್ದದ್ದು ಅವಳೊಬ್ಬಳ ಹೆಸರು.

"ಇನ್ನೊಂದು ಹೆಸರು ಇರ್ಲಿ ಅಂತ ಅವತ್ತೇ ಹೇಳಿದ್ದೆ ಸಾರ್. ಪ್ರತಿ ಸಲ ಅದು ಎರಡು ಹೆಸರು ಪರೀಕ್ಷಿಸಿದ್ರೆ ಶುಲ್ಕ ಜಾಸ್ತಿ ಆಗುತ್ತೆ ಅಂತ ನೀವೇ ಬೇಡ ಅಂದ್ರಿ."

"ಹಳೇ ಪುರಾಣ ಬೇಡ. ನಿನ್ನ ಹೆಸರು ತೆಗಿ, ನನ್ನದು ಹಾಕು."

"ಮೊದಲು ನಿಮ್ಮದು ಹಾಕ್ತೀನಿ. ಆಮೇಲೆ ನನ್ನದು ತೆಗೀತೀನಿ."

"ಅಷ್ಟರಲ್ಲಿ ಏನಾದ್ರೂ ಕಿತಾಪತಿ ಮಾಡೋಕಾ? ಮೊದಲು ನಿನ್ನದು ತೆಗಿ."

"ಸಾರ್, ಹಾಗೆ ಮಾಡಿದ್ರೆ..."

"ಬಾಯಿ ಮುಚ್ಚು. ನನಗೆ ಪಾಠ ಹೇಳೋಕೆ ಬರ್ಬೇಡ. ತೆಗೀತೀಯೋ, ಪೊಲೀಸರನ್ನ ಕರೀಲೋ?"

ಅವಳು ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ಗುಂಡಿ ಒತ್ತಿದಳು. ಪರದೆಯ ಮೇಲಿಂದ ಅವಳ ಹೆಸರು ಹೋಯಿತು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಎಲ್ಲಿಗೆ ಹೊರಟೆ? ನನ್ನ ಹೆಸರು ಯಾರು ಹಾಕ್ತಾರೆ?"

"ಪಟ್ಟೀಲಿ ಇರೋರು ಮಾತ್ರ ಹೊಸಬರನ್ನ ಸೇರಿಸಬಹುದು ಸಾರ್. ಈಗ ಅದರಲ್ಲಿ ಯಾರೂ ಇಲ್ಲ."