ಬೇಡವಂತೆ

"ಏನಂದ್ರು?"

"ಬೇಡವಂತೆ."

ಅಮ್ಮ ಪಿಸುಗುಟ್ಟಿದಳು. ಹಿತ್ತಿಲ ಶೆಡ್ಡಿನಿಂದ ತಂದ ಖಾಲಿ ಟೀ ಲೋಟವನ್ನು ಸದ್ದಾಗದಂತೆ ಸಿಂಕಿನಲ್ಲಿಟ್ಟು, ಮಗನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಆ ಮನೆಯಲ್ಲಿ ಯಾರದಾದರೂ ಆಸೆ ಸತ್ತಾಗಲೆಲ್ಲ ಒಂದು ಸೌಟು ಹೆಚ್ಚಿಗೆ ಬೀಳುತ್ತಿತ್ತು. ಮಗ ದಷ್ಟಪುಷ್ಟವಾಗಿ ಬೆಳೆದಿದ್ದ.

"ಯಾಕೆ ಬೇಡವಂತೆ?"

"ಕಾರಣ ಕೇಳೋಕೆ ನಾನ್ಯಾರಪ್ಪ? ಹೇಳಿದ್ದನ್ನ ತಲುಪಿಸೋಳು ನಾನು. ಮೆಲ್ಲಗೆ ಮಾತಾಡು, ಅಪ್ಪಂಗೆ ಗಲಾಟೆ ಆಗಲ್ಲ."

ಮಗ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು ಮಾಡುತ್ತಿದ್ದ. ದಿನವಿಡೀ ಕಬ್ಬಿಣದ ಕಿರುಚಾಟ ಕೇಳಿ ಮನೆಗೆ ಬಂದರೆ ಇಲ್ಲಿ ಚಮಚ ತಟ್ಟೆಗೆ ತಾಗಿದರೂ ಅಪರಾಧ. ಟೀವಿಯಲ್ಲಿ ಜನ ಬಾಯಿ ಆಡಿಸುತ್ತಿದ್ದರು, ಅಷ್ಟೆ. ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಬೇಕು.

ಈ ಕಾನೂನು ಹುಟ್ಟಿ ನಾಲ್ಕು ವರ್ಷ. ತಗಡು ಒತ್ತುವ ಫ್ಯಾಕ್ಟರಿಯವರು ಅಪ್ಪನ ಕೈಗೊಂದು ಗೋಡೆ ಗಡಿಯಾರ ಕೊಟ್ಟು, ನಿವೃತ್ತಿಗೆ ಐದು ವರ್ಷ ಮೊದಲೇ ಮನೆಗೆ ಕಳಿಸಿದ ದಿನ ಅಮ್ಮ ಮಕ್ಕಳಿಬ್ಬರನ್ನೂ ಅಡುಗೆಮನೆಗೆ ಕರೆದಿದ್ದಳು. "ಅಪ್ಪಂಗೆ ತಲೆ ಕೆಟ್ಟಿದೆ. ಯಾರೂ ಎದುರಿಗೆ ಹೋಗಬೇಡಿ. ಏನಿದ್ರೂ ನನ್ನ ಹತ್ರ ಹೇಳಿ, ನಾನು ಕೇಳಿ ಹೇಳ್ತೀನಿ."

ಕೇಳಿ ಹೇಳುತ್ತಲೇ ಇದ್ದಳು. ತಂಗಿಗೆ ನರ್ಸಿಂಗ್ ಓದುವ ಆಸೆ. ಬೇಡವಂತೆ. ಹುಡುಗಿ ಈಗ ಪಾತ್ರೆ ತೊಳೆಯುವುದರಲ್ಲಿ, ಅದೂ ಸದ್ದಿಲ್ಲದೆ ತೊಳೆಯುವುದರಲ್ಲಿ, ಯಾವ ಪರೀಕ್ಷೆ ಇಟ್ಟರೂ ಪಾಸು. ಮಗನಿಗೆ ಸ್ವಂತ ಅಂಗಡಿಯ ಆಸೆ. ಅದೂ ಬೇಡವಂತೆ.

ಅಪ್ಪನ ಊಟ, ನಿದ್ದೆ ಎಲ್ಲ ಶೆಡ್ಡಿನಲ್ಲೇ. ಬೀದಿಯವರ ಕೆಟ್ಟ ಫ್ಯಾನುಗಳನ್ನು ಬಿಚ್ಚಿ ಜೋಡಿಸುತ್ತಿದ್ದ. ತಿರುಗಲು ಬಿಟ್ಟು, ಅದರ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದ. ಆ ಕೈ ಇಷ್ಟು ಮೆತ್ತಗೆ ತನ್ನ ಬೆನ್ನ ಮೇಲೆ ಒಂದು ದಿನವೂ ಬಿದ್ದಿಲ್ಲವಲ್ಲ ಎಂದು ಮಗ ಕಿಟಕಿಯಿಂದಲೇ ಹಲ್ಲು ಕಡಿಯುತ್ತಿದ್ದ. ತಪ್ಪಿ ಎದುರಾದರೆ ಅಪ್ಪ ನೇರ ಬಾಯಿಯನ್ನೇ ದಿಟ್ಟಿಸುತ್ತಿದ್ದ, ತೆರೆದರೆ ನೋಡು ಅನ್ನುವ ಹಾಗೆ. ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ, ತುಂಡು ಪೆನ್ಸಿಲ್ಲು.

"ನಮ್ಮ ತಪ್ಪುಗಳ ಪಟ್ಟಿ ಇರಬೇಕು ಕಣೋ," ಅನ್ನುತ್ತಿದ್ದಳು ತಂಗಿ.

ಈ ಸಲದ ವಿಷಯ ಅಂಗಡಿಯದಲ್ಲ, ಅವನು ಮೆಚ್ಚಿದ ಹುಡುಗಿಯದು. ಬಸ್ಸಿನಲ್ಲಿ ಕಂಡಕ್ಟರು. ನಿಂತವರನ್ನೆಲ್ಲ ಒಂದೇ ಗದರಿಕೆಗೆ ಹಿಂದಕ್ಕೆ ಸರಿಸುವಂಥ ಗಂಟಲು. ಅವಳಿಗೆ ದೂರದ ಡಿಪೋಗೆ ವರ್ಗವಾಗಿತ್ತು, ಶನಿವಾರ ಹೊರಡಬೇಕು. ಬೇಡ ಅಂದರಂತೆ ಎಂದು ಇವನು ಹೇಳಿದಾಗ ಟಿಕೆಟ್ ಹರಿಯುತ್ತಲೇ ನಕ್ಕಳು.

"ನೀನು ಕೇಳಿಸಿಕೊಂಡೆಯಾ?"

"ಅಮ್ಮ ಹೇಳಿದಳು."

"ನಿಮ್ಮನೇಲಿ ಅಪ್ಪ ಅಂತ ಒಬ್ಬರಿದ್ದಾರಾ, ಇಲ್ಲ ಬರೀ ಫೋಟೋನಾ? ಶನಿವಾರದೊಳಗೆ ಅವರ ಮುಂದೆ ನಿಂತು ಕೇಳು. ಅಷ್ಟೂ ಆಗದವನು ನಂಗೆ ಬೇಡ. ಹೂಂ, ಒಳಗೆ ನಡಿ, ಬಾಗಿಲಲ್ಲಿ ನಿಲ್ಲಬೇಡ."

ಶುಕ್ರವಾರ ಮಧ್ಯಾಹ್ನ ಮಗ ಅರ್ಧ ದಿನದ ರಜೆ ಹಾಕಿ ಬಂದ. ಅಮ್ಮ ತರಕಾರಿಗೆ ಹೋಗಿದ್ದಳು. ತಂಗಿ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದ ಹಾಗೆಯೇ ಶೆಡ್ಡಿನ ಬಾಗಿಲು ಒದ್ದು ಒಳಗೆ ನುಗ್ಗಿದ.

ಅಪ್ಪ ಬೆನ್ನು ಹಾಕಿ ಕೂತಿದ್ದ. ತಿರುಗಲಿಲ್ಲ.

"ನಿಮ್ಮ ಹತ್ರ ಮಾತಾಡಬೇಕು."

ಸ್ಕ್ರೂ ಡ್ರೈವರ್ ತಿರುಗಿತು. ಅಪ್ಪ ತಿರುಗಲಿಲ್ಲ.

ನಾಲ್ಕು ವರ್ಷ ನುಂಗಿದ್ದೆಲ್ಲ ಮಗನ ಬಾಯಿಗೆ ಬಂತು. "ಯಾವ ಸೀಮೆ ಮಹಾರಾಜರು ನೀವು? ನಿಮ್ಮ ಒಂದು ಮಾತು ಕೇಳೋಕೆ ವಕೀಲರನ್ನ ಇಡಬೇಕಾ? ತಂಗಿ ಬಾಳು ತಿಂದಿರಿ, ಈಗ ನಂದು. ಆ ಹುಡುಗಿ ನಾಳೆ ಹೊರಟು ಹೋಗ್ತಾಳೆ. ಬೇಡ ಅನ್ನೋದಾದರೆ ನನ್ನ ಮುಖ ನೋಡಿ ಅನ್ನಿ. ನಾಯಿಗಾದರೂ ಛೀ ಅಂತಾರೆ, ನಮಗೆ ಅದೂ ಇಲ್ಲವಾ?"

ಅಪ್ಪ ಫ್ಯಾನಿನ ರೆಕ್ಕೆ ಒರೆಸುತ್ತಿದ್ದ.

ಮಗ ಕಪಾಟಿನ ಮೇಲಿದ್ದ ನಟ್ಟು ಬೋಲ್ಟಿನ ಡಬ್ಬ ಎತ್ತಿ ನೆಲಕ್ಕೆ ಅಪ್ಪಳಿಸಿದ. ಅಡುಗೆಮನೆಯಲ್ಲಿ ತಂಗಿ ಚೀರಿದಳು. ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿದರು. ಅಪ್ಪ ರೆಕ್ಕೆಗೆ ಬಾಯಿಂದ ಉಫ್ ಎಂದು ಊದಿ, ಬೆಳಕಿಗೆ ಹಿಡಿದು ನೋಡಿದ.

ಇಷ್ಟು ಸೊಕ್ಕಾ? ಮಗ ಮುಷ್ಟಿ ಬಿಗಿದು ಸುತ್ತು ಹಾಕಿ ಎದುರಿಗೆ ಹೋಗಿ ನಿಂತ. ನೆರಳು ಮೇಜಿನ ಮೇಲೆ ಬಿತ್ತು.

ಅಪ್ಪ ಬೆಚ್ಚಿಬಿದ್ದ. ರೆಕ್ಕೆ ಕೈಯಿಂದ ಜಾರಿತು. ಮಗನ ಮುಖ ನೋಡಿದ, ಬಾಯಿ ನೋಡಿದ, ಚೆಲ್ಲಾಪಿಲ್ಲಿ ಬಿದ್ದ ಬೋಲ್ಟುಗಳನ್ನು ನೋಡಿದ. ಇವು ಯಾವಾಗ ಬಿದ್ದವು ಎಂದು ತಿಳಿಯದವನ ಹಾಗೆ ಹುಬ್ಬು ಗಂಟಿಕ್ಕಿದ. ಆಮೇಲೆ ಒದ್ದೆಯಾದ ಕಣ್ಣಲ್ಲಿ ನಕ್ಕ. ಜೇಬಿನಿಂದ ಪುಸ್ತಕ ತೆಗೆದು, ಗೀಚಿ, ಪೆನ್ಸಿಲ್ಲಿನ ಜೊತೆ ಮುಂದೆ ಚಾಚಿದ.

"ಅಂತೂ ಬಂದೆ. ಫ್ಯಾಕ್ಟರಿಯಲ್ಲಿ ನನ್ನ ಎರಡೂ ಕಿವಿ ಹೋದವು ಅಂತ ನಿಮಗೆ ಅಮ್ಮ ಅವತ್ತೇ ಹೇಳಿದಳಂತೆ, ಆದರೂ ನಾಲ್ಕು ವರ್ಷ ಒಬ್ಬರೂ ಈ ಕಡೆ ಬರಲಿಲ್ಲ. ನನ್ನ ದನಿ ನನಗೇ ಕೇಳದ್ದಕ್ಕೆ ಮಾತೂ ಬಿಟ್ಟೆ. ಏನು ಬೇಕೋ ಬರಿ ಮಗಾ."

ಮಗನ ಮುಷ್ಟಿ ಬಿಚ್ಚಿಕೊಂಡಿತು. ಪುಸ್ತಕ ಇಸಿದುಕೊಂಡ. ಹಿಂದಿನ ಪುಟ ತಿರುವಿದ. ನಿನ್ನೆಯ ತಾರೀಕು. ಮೇಲೆ ಅಪ್ಪನ ಸೊಟ್ಟ ಅಕ್ಷರ: "ದೊಡ್ಡವನಿಗೆ ವಯಸ್ಸಾಯಿತು, ಮದುವೆ ಮಾಡೋಣ. ಯಾರನ್ನಾದರೂ ಮೆಚ್ಚಿದ್ದಾನಾ, ಕೇಳು."

ಕೆಳಗೆ ಅಮ್ಮನ ದುಂಡನೆಯ, ಮುದ್ದಾದ ಅಕ್ಷರ: "ಕೇಳಿದೆ. ಬೇಡವಂತೆ."